ಎರಡು ಅಕ್ಷರಗಳ ಮೇಲ್ಮನವಿ

ಅರ್ಜಿ ಹಾಕುವವರು ಪ್ರಜೆಗಳು, ಅದನ್ನು ತಿರಸ್ಕರಿಸುವುದು ಸರ್ಕಾರ. ಇದು ನಾವೆಲ್ಲ ಕಂಡುಂಡ ರೂಢಿ. ಸರ್ಕಾರವೇ ಅರ್ಜಿದಾರನಾಗಿ ನಿಂತು, 'ಆಗದು' ಎಂಬ ಉತ್ತರ ಪಡೆದು, ಮೇಲ್ಮನವಿಗಾಗಿ ವರ್ಷಗಟ್ಟಲೆ ಕಾದ ಪ್ರಸಂಗ ಅಪರೂಪದ್ದು. ಬಲ್ಗೇರಿಯ ದೇಶಕ್ಕೆ ಅಂಥ ಅನುಭವವಾಯಿತು. ಅದು ಕೇಳಿದ್ದು ನೆಲವನ್ನಲ್ಲ, ಹಣವನ್ನಲ್ಲ, ಎರಡು ಅಕ್ಷರಗಳನ್ನು.

ಅಂತರಜಾಲದ ತಾಣಗಳ ವಿಳಾಸದಲ್ಲಿ ಕೊನೆಯ ಚುಕ್ಕೆಯ ಮುಂದಿರುವ ಭಾಗ ಹಲವು ವೇಳೆ ದೇಶವನ್ನು ಸೂಚಿಸುತ್ತದೆ. ನಮಗೆ 'ಐಎನ್', ಬ್ರೆಜಿಲಿಗೆ 'ಬಿಆರ್', ಬಲ್ಗೇರಿಯಕ್ಕೆ 'ಬಿಜಿ'. ಬಹುಕಾಲ ಇದನ್ನು ರೋಮನ್ ಲಿಪಿಯಲ್ಲಿ ಮಾತ್ರ ಬರೆಯಬಹುದಾಗಿತ್ತು. ಈ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಎಂಬ ಸಂಸ್ಥೆ 2009ರ ನವೆಂಬರಿನಲ್ಲಿ ಇತರ ಲಿಪಿಗಳಿಗೂ ಬಾಗಿಲು ತೆರೆಯಿತು. ಬಲ್ಗೇರಿಯ ಸಿರಿಲಿಕ್ ಲಿಪಿಯ ತನ್ನ 'ಬ' ಮತ್ತು 'ಗ'ಗಳನ್ನು ಕೇಳಿತು. ಈ ಕೋರಿಕೆಯ ಹಿಂದೆ ಅಭಿಮಾನವಿತ್ತು. ಆ ಲಿಪಿ ರೂಪುಗೊಂಡದ್ದೇ ಮಧ್ಯಯುಗದ ಬಲ್ಗೇರಿಯ ಸಾಮ್ರಾಜ್ಯದಲ್ಲಿ. ಇಂದಿಗೂ ಮೇ 24 ಅಲ್ಲಿ ಅಕ್ಷರಗಳ ರಾಷ್ಟ್ರೀಯ ಹಬ್ಬ. 2007ರಲ್ಲಿ ಬಲ್ಗೇರಿಯ ಐರೋಪ್ಯ ಒಕ್ಕೂಟವನ್ನು ಸೇರಿದಾಗ ಸಿರಿಲಿಕ್ ಆ ಒಕ್ಕೂಟದ ಮೂರನೆಯ ಅಧಿಕೃತ ಲಿಪಿಯಾಯಿತು.

ಅರ್ಜಿ 2010ರ ಮೇ ತಿಂಗಳಲ್ಲಿ ತಿರಸ್ಕೃತವಾಯಿತು. ಸಿರಿಲಿಕ್ಕಿನ ಸಣ್ಣ 'ಬ' ರೋಮನ್ 'ಬಿ'ಯನ್ನೂ 'ಗ' ರೋಮನ್ 'ಆರ್' ಅನ್ನೂ ಹೋಲುತ್ತವೆ. ಜೊತೆಯಾಗಿ ನಿಂತಾಗ ಓದುಗನು ಅವನ್ನು ಬ್ರೆಜಿಲಿನ ಸಂಕೇತವೆಂದು ಭ್ರಮಿಸಬಹುದು ಎಂಬುದು ಆಕ್ಷೇಪಣೆ. ಇದನ್ನು ಬರಿಯ ಕುಂಟುನೆಪವೆಂದು ತಳ್ಳಿಹಾಕುವಂತಿಲ್ಲ. ಕಣ್ಣಿಗೆ ಒಂದೇ ಆಗಿ ತೋರುವ ಎರಡು ಲಿಪಿಗಳ ಅಕ್ಷರಗಳು ಗಣಕಯಂತ್ರಕ್ಕೆ ಬೇರೆ ಬೇರೆ ಸಂಖ್ಯೆಗಳು. ವಂಚಕನೊಬ್ಬ ಬ್ಯಾಂಕಿನ ವಿಳಾಸವನ್ನೇ ಹೋಲುವ ಇನ್ನೊಂದು ವಿಳಾಸವನ್ನು ಕಟ್ಟಿ, ಬಂದವರ ಗುಟ್ಟಿನ ಪದಗಳನ್ನು ದೋಚಬಲ್ಲನು.

ಆದರೆ ಹೋಲಿಕೆಯೆಂಬುದು ಯಾರ ಕಣ್ಣಿಗೆ? ಕನ್ನಡ, ತೆಲುಗು ಎರಡನ್ನೂ ಅರಿಯದ ಪರದೇಶಿಗೆ ಅವು ಒಂದೇ ಲಿಪಿ. ಕೋಲಾರದ, ಬಳ್ಳಾರಿಯ ಗಡಿಯೂರಿನವನಾದರೋ ತಲೆಕಟ್ಟನ್ನು ಕಂಡೊಡನೆ ಇದು ಯಾವುದೆಂದು ಹೇಳಿಬಿಡುತ್ತಾನೆ. ಇಬ್ಬರ ಕಣ್ಣೂ ಸುಳ್ಳಾಡುತ್ತಿಲ್ಲ. ಹಾಗಿರುವಾಗ ಯಾರ ಕಣ್ಣನ್ನು ಪ್ರಮಾಣವಾಗಿ ಹಿಡಿಯಬೇಕು, ಎಷ್ಟು ಹೋಲಿಕೆಯನ್ನು ಅಪಾಯವೆಂದು ಎಣಿಸಬೇಕು ಎಂಬುದನ್ನು ನಿರ್ಧರಿಸುವ ಕ್ರಮವೊಂದು ಬೇಕು.

ಆಗಿನ ನಿಯಮಗಳಲ್ಲಿ ಮೇಲ್ಮನವಿಗೆ ಎಡೆಯೇ ಇರಲಿಲ್ಲ. ಬೇರೊಂದು ಹೆಸರನ್ನು ಆರಿಸಿಕೊಳ್ಳುವ ದಾರಿ ಮಾತ್ರ ಇತ್ತು. ಬಲ್ಗೇರಿಯ ಹಿಡಿದ ಪಟ್ಟನ್ನು ಬಿಡಲಿಲ್ಲ. ಗ್ರೀಸ್ ದೇಶಕ್ಕೂ ತನ್ನ ಲಿಪಿಯಲ್ಲಿ ಇದೇ ತೊಡಕು ಎದುರಾಗಿತ್ತು. ಕೊನೆಗೆ 2013ರಲ್ಲಿ ನಿಯಮವೇ ತಿದ್ದುಪಡಿಯಾಗಿ, ಹೋಲಿಕೆಯನ್ನು ಮರುಪರಿಶೀಲಿಸಲು ಎರಡನೆಯ ಮಂಡಲಿಯೊಂದು ಏರ್ಪಟ್ಟಿತು. ಈ ಮಂಡಲಿ ತಜ್ಞರ ಊಹೆಯನ್ನಷ್ಟೇ ನಂಬಲಿಲ್ಲ. ಅಕ್ಷರಜೋಡಿಗಳನ್ನು ಜನರ ಕಣ್ಣಮುಂದೆ ತೋರಿಸಿ, ಅವರು ಎಷ್ಟರಮಟ್ಟಿಗೆ ತಪ್ಪುತ್ತಾರೆಂಬುದನ್ನು ಪ್ರಯೋಗದಿಂದ ಅಳೆಯಿತು. 2014ರಲ್ಲಿ ತೀರ್ಪು ಬಂತು: ಬಲ್ಗೇರಿಯದ ಜೋಡಿ ಗೊಂದಲ ಹುಟ್ಟಿಸುವುದಿಲ್ಲ. ಗ್ರೀಸಿನ ಕೋರಿಕೆಯೂ ಗೆದ್ದಿತು. ಹಾಗೆಂದು ಮಂಡಲಿ ಕೇಳಿದವರಿಗೆಲ್ಲ ಕೊಟ್ಟುಬಿಡಲಿಲ್ಲ. ಐರೋಪ್ಯ ಒಕ್ಕೂಟ ಗ್ರೀಕ್ ಲಿಪಿಯಲ್ಲಿ ಕೇಳಿದ್ದ ಹೆಸರು ಸಣ್ಣಕ್ಷರದಲ್ಲಿ ನಿರಪಾಯವಾದರೂ ದೊಡ್ಡಕ್ಷರದಲ್ಲಿ ಗೊಂದಲಕಾರಿ ಎಂದಿತು. ಒಕ್ಕೂಟ ಇನ್ನೂ ಕೆಲವು ವರ್ಷ ಕಾಯಬೇಕಾಯಿತು. ಬಲ್ಗೇರಿಯದ ಎರಡಕ್ಷರಗಳು 2016ರಲ್ಲಿ ಬಳಕೆಗೆ ಬಂದವು.

ಮೊದಲ ತೀರ್ಪಿಗೂ ಎರಡನೆಯದಕ್ಕೂ ನಡುವೆ ಅಕ್ಷರಗಳ ರೂಪ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ಅವನ್ನು ನೋಡುವ ಬಗೆ. ಮೇಲ್ಮನವಿಯೆಂದರೆ ಅದೇ ಮಾತನ್ನು ಇನ್ನಷ್ಟು ಎತ್ತರದ ದನಿಯಲ್ಲಿ ಹೇಳುವುದೆಂದು ಅನೇಕರು ತಿಳಿದಿದ್ದಾರೆ. ಅಳೆದ ಕೋಲನ್ನೇ ಮತ್ತೊಮ್ಮೆ ಅಳೆದು ನೋಡಿರೆಂದು ಕೇಳುವುದೂ ಮೇಲ್ಮನವಿಯೇ. ಇಂದು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ನಮ್ಮ ದೇಶದ ಹೆಸರಿನಿಂದ ಮುಗಿಯುವ ವಿಳಾಸಗಳನ್ನು ಪಡೆಯಬಹುದು. ಒಂದನ್ನೊಂದು ಹೋಲುವ ಆ ಎರಡು ಹೆಸರುಗಳೂ ಒಂದೇ ದೇಶದವಾದ್ದರಿಂದ ಅಕ್ಕಪಕ್ಕದಲ್ಲಿ ನೆಮ್ಮದಿಯಾಗಿವೆ.