ಸಿಗಂದೂರಿನ ಲಾಂಚು

ಉಗಿಹಡಗಿನ ಮಾತೆತ್ತಿದೊಡನೆ ನಮ್ಮ ಮನಸ್ಸು ಕರಾವಳಿಗೆ ಓಡುತ್ತದೆ. ಮಂಗಳೂರಿನಲ್ಲಿ ಹಡಗು ಹತ್ತಿ ಮುಂಬಯಿಯಲ್ಲಿ ಅನ್ನ ಅರಸಿದ ಹುಡುಗರು ಎಷ್ಟು ಮಂದಿಯೋ! ರಾಜಾಜಿನಗರದ ನಿವಾಸಿಯಾದ ನನಗೆ ಕಡಲೂ ದೂರ, ಹಡಗೂ ದೂರ. ಆದರೂ ನನ್ನ ಮನೆಯ ದೀಪಕ್ಕೂ ಮಲೆನಾಡಿನ ಒಂದು ಜಲವಾಹನಕ್ಕೂ ಸಂಬಂಧವುಂಟು. ಅದು ಉಗಿಯಿಂದ ನಡೆದುದಲ್ಲ, ಡೀಸೆಲ್ ಎಂಜಿನ್ನಿನದು. ಜನ ಕರೆದದ್ದು ಸಿಗಂದೂರಿನ ಲಾಂಚು ಎಂದು.

1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಸಾಗರ ಸೀಮೆಯ ಗದ್ದೆ, ತೋಟ, ಮನೆಗಳು ಮುಳುಗಿದವು. 1940ರ ದಶಕದಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ನೀರಿನಡಿ ಸೇರಿತು. ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು! ಕಡುಬೇಸಗೆಯಲ್ಲಿ ಅದು ಈಗಲೂ ತಲೆದೋರುವುದುಂಟು. ಶರಾವತಿಯ ವಿದ್ಯುತ್ತು ಬೆಂಗಳೂರಿಗೆ ಹರಿಯಿತು; ತುಮರಿಯ ಕಡೆಯ ಹಳ್ಳಿಗಳ ಪಾಲಿಗೆ ಬಂದದ್ದು ಹಿನ್ನೀರು.

ಆ ಹಳ್ಳಿಗರಿಗೆ ಸಾಗರ ಪೇಟೆಯ ದಾರಿಯೆಂದರೆ ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಲಾಂಚೇ. ಹಸಿರುಮಕ್ಕಿಯಲ್ಲೂ ಮುಪ್ಪಾನೆಯಲ್ಲೂ ಲಾಂಚುಗಳು ಓಡಿವೆ. ನಾನು ಹತ್ತಿದ ದಿನ ಆ ಕಬ್ಬಿಣದ ಹಾಸಿನ ಮೇಲೆ ಬಸ್ಸು, ಜೀಪು, ಅಡಿಕೆಯ ಮೂಟೆ, ಶಾಲೆಯ ಮಕ್ಕಳು, ಚೌಡೇಶ್ವರಿಯ ದರ್ಶನಕ್ಕೆ ಹೊರಟ ನವದಂಪತಿಗಳು ಎಲ್ಲವೂ ಒಟ್ಟಿಗೇ ಇದ್ದವು. ನಮ್ಮಂಥ ಪ್ರವಾಸಿಗಳು ಕಟಕಟೆಗೆ ಆತುಕೊಂಡು ಬೆಟ್ಟಗಳನ್ನು ನೋಡಿ ಮೈಮರೆತೆವು. ಊರಿನವರು ಗಡಿಯಾರ ನೋಡುತ್ತಿದ್ದರು. ಸಂಜೆಯ ಕೊನೆಯ ಸರದಿ ತಪ್ಪಿತೋ, ಹೆರಿಗೆಯ ನೋವಿರಲಿ, ಹಾವು ಕಡಿದಿರಲಿ, ಕಾಡಿನ ಸುತ್ತುದಾರಿಯೇ ಗತಿ. ನೀರು ತೀರ ಇಳಿದರೆ ವಾಹನಗಳನ್ನು ಹತ್ತಿಸುವುದೂ ನಿಲ್ಲುತ್ತಿತ್ತು.

ಮುಳುಗಡೆಯ ಬಾಳನ್ನು ‘ದ್ವೀಪ’ದಲ್ಲಿ ಚಿತ್ರಿಸಿದ ಸಾಗರದ ನಾ. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ಜುಲೈ 14ರಂದು ಎರಡೂವರೆ ಕಿಲೋಮೀಟರಿಗೆ ತುಸು ಕಡಮೆ ಉದ್ದದ ಸೇತುವೆ ತೆರೆಯಿತು. ಗಂಟೆಗಟ್ಟಲೆ ಕಾದು ದಾಟುತ್ತಿದ್ದ ನೀರನ್ನು ಈಗ ಕೆಲವೇ ನಿಮಿಷಗಳಲ್ಲಿ ದಾಟಬಹುದು.

ಲಾಂಚು ಹೋಯಿತೆಂದು ಮರುಗುವ ಗೆಳೆಯರು ಬೆಂಗಳೂರಿನಲ್ಲಿ ನನಗೆ ಹಲವರು ಸಿಕ್ಕಿದ್ದಾರೆ. ಅರುವತ್ತು ವರ್ಷ ದಡದಲ್ಲಿ ಕಾದವರ ಮುಂದೆ ಈ ಮರುಕವನ್ನು ತೋಡಿಕೊಳ್ಳುವ ಧೈರ್ಯ ನನಗಂತೂ ಇಲ್ಲ. ಆದರೆ ಒಂದು ಲಾಂಚನ್ನಾದರೂ ಗುಜರಿಗೆ ಕೊಡದೆ ಅಂಬಾರಗೋಡ್ಲಿನ ದಡಕ್ಕೆ ಎಳೆದು ನಿಲ್ಲಿಸಬೇಕು. ಅದರ ಮೈಮೇಲೆ ಮುಳುಗಿದ ಊರುಗಳ ಹೆಸರುಗಳನ್ನು ಬರೆಯಿಸಬೇಕು. ಆ ಊರುಗಳಲ್ಲಿ ಹುಟ್ಟಿ ಬೆಳೆದವರಿಗೆ ಈಗ ಎಪ್ಪತ್ತು, ಎಂಬತ್ತು. ಕೇಳಿ ಬರೆದುಕೊಳ್ಳುವುದಾದರೆ ಈ ಮಳೆಗಾಲಕ್ಕೆ ಮೊದಲೇ ಹೊರಡಬೇಕು.