ಕಾರ್ಖಾನೆ ಬಾಗಿಲು ಹಾಕಿದಾಗ ಅರೆಕಾಲಿಕರಿಗೆ ಕೂಲಿ ಉಂಟೇ?

ಪ್ರಶ್ನೆ: ನಾನು ಕಾರ್ಖಾನೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಕೆಲಸ ಮಾಡುತ್ತೇನೆ. ಕಚ್ಚಾ ಮಾಲು ಬಂದಿಲ್ಲವೆಂದು ಕೆಲವು ದಿನ ಬಾಗಿಲು ಹಾಕಿದ್ದಾರೆ. ಆ ದಿನಗಳಿಗೆ ನನಗೇನಾದರೂ ಸಿಗುತ್ತದೆಯೇ?

ಉತ್ತರ: ಸಿಗಬೇಕು, ಆದರೆ ಕೆಲವು ಷರತ್ತುಗಳಿವೆ. ಮಾಲಿನ ಕೊರತೆ, ವಿದ್ಯುತ್ ಅಭಾವ, ಯಂತ್ರ ಕೆಡುವುದು ಮುಂತಾದ ಕಾರಣಕ್ಕೆ ಕೆಲಸ ಕೊಡಲಾಗದಿದ್ದರೆ ಅದು 'ಲೇ ಆಫ್'. ಆಗ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 50 ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದೇ ಪ್ರಮಾಣ ಉಳಿದಿದೆ. ಕಾರ್ಖಾನೆಯಲ್ಲಿ ಕನಿಷ್ಠ 50 ಕಾರ್ಮಿಕರಿರಬೇಕು, ನಿಮ್ಮ ಹೆಸರು ಹಾಜರಿ ಪುಸ್ತಕದಲ್ಲಿರಬೇಕು, ಒಂದು ವರ್ಷದ ಸತತ ಸೇವೆ ಆಗಿರಬೇಕು. ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದಿದ್ದರೆ ಆ ವರ್ಷ ತುಂಬಿದಂತೆ. ಇಲ್ಲಿ ಎಣಿಸುವುದು ದಿನಗಳನ್ನು, ಗಂಟೆಗಳನ್ನಲ್ಲ!

'ಅರೆಕಾಲಿಕರು ಕಾರ್ಮಿಕರೇ ಅಲ್ಲ' ಎಂಬ ವಾದಕ್ಕೆ ಹೆದರಬೇಡಿ. ವಿಮಾ ಕಂಪನಿಯೊಂದರಲ್ಲಿ ದಿನಕ್ಕೆ ಕೆಲವೇ ಗಂಟೆ ದುಡಿದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಆ ವಾದವನ್ನು ಒಪ್ಪಲಿಲ್ಲ. ಬದಲಿ ಮತ್ತು ಸಾಂದರ್ಭಿಕ ನೌಕರರಿಗೆ ಮಾತ್ರ ಈ ಪರಿಹಾರವಿಲ್ಲ. ಬದಲಿಯವರೂ ಒಂದು ವರ್ಷದ ಸತತ ಸೇವೆ ಮುಗಿಸಿದರೆ ಈ ಹಕ್ಕು ಪಡೆಯುತ್ತಾರೆ. ಹಂಗಾಮಿನಲ್ಲಷ್ಟೇ ನಡೆಯುವ ಕಾರ್ಖಾನೆಗಳಿಗೆ ಇದು ಅನ್ವಯಿಸದು; ಅಲ್ಲಿ ದುಡಿಯುವವರ ಬಗ್ಗೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬಹಳ ಮಂದಿ ಹಕ್ಕು ಕಳೆದುಕೊಳ್ಳುವುದು ಮನೆಯಲ್ಲೇ ಉಳಿದು. ಕೆಲಸವಿಲ್ಲದಿದ್ದರೂ ದಿನಕ್ಕೊಮ್ಮೆ ನಿಗದಿತ ವೇಳೆಗೆ ಕಾರ್ಖಾನೆಗೆ ಹೋಗಿ ಹಾಜರಿ ಹಾಕಿಸಿ. ಪರಿಹಾರ ಕೊಡದಿದ್ದರೆ ಲಿಖಿತವಾಗಿ ಕೇಳಿ, ಅದರ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಗೆ ದೂರು ಕೊಡಿ.