ನಿಮಗಿದು ಗೊತ್ತೇ? ಹೊತ್ತು ಓಡುತ್ತದೆ, ಹೊತ್ತು ತೆವಳುತ್ತದೆ!

ರಾಮನಗರ ಸೀಮೆಯ ಮರಳವಾಡಿ ಕಡೆಯ ರೇಷ್ಮೆ ಹುಳು ಮನೆಗೆ ಹೋಗಿದ್ದೀರಾ? ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಕಳಚುತ್ತದೆ. ಪ್ರತಿ ಸಲವೂ ಹೆಚ್ಚುಕಡಿಮೆ ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ತಲೆಯೆತ್ತಿ ಅಲುಗಾಡದೆ ಇರುತ್ತದೆ. ಕಾಯುತ್ತ ಕೂತರೆ ಮನಸ್ಸು ಗಡಿಯಾರದತ್ತಲೇ ಹೊರಳುತ್ತದೆ. ಗಮನಿಸಿದಷ್ಟೂ ಹೊತ್ತು ನಿಧಾನ!

ನಾಲ್ಕನೇ ಜ್ವರ ಎದ್ದಮೇಲೆ ನೋಡಿ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚನ್ನು ಕೊನೆಯ ಆ ಒಂದು ವಾರದಲ್ಲೇ ಮುಗಿಸುತ್ತದೆ! ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು, ಮತ್ತೆ ಕೊಯ್ಯಬೇಕು. ಬೆಳಗಾದದ್ದು, ಕತ್ತಲಾದದ್ದು ಯಾರಿಗೆ ಗೊತ್ತಾಗುತ್ತದೆ?

ಇನ್ನೂ ವಿಚಿತ್ರ ಕೇಳಿ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರಿದ ಮೇಲೆ ಆ ವಾರವನ್ನು ನೆನೆದರೆ, ಮೊದಲ ಬೆಳೆ ತೆಗೆದವರಿಗೆ ಅದು ಉದ್ದವೋ ಉದ್ದ. ಹತ್ತಾರು ಬೆಳೆ ತೆಗೆದವರಿಗೆ ಎಲ್ಲ ವಾರಗಳೂ ಒಂದರೊಳಗೊಂದು ಕಲೆತುಹೋಗಿರುತ್ತವೆ. ಹೊಸ ನೆನಪು ಹೆಚ್ಚಿದಷ್ಟೂ ಕಳೆದ ಕಾಲ ಹಿಗ್ಗುತ್ತದೆ. ಅನುಭವಿಸುವಾಗ ಗಿಡ್ಡ, ನೆನೆಯುವಾಗ ಉದ್ದ!

"ಮೊನ್ನೆ ತಾನೆ ಯುಗಾದಿ ಆದಂಗೈತೆ ಕಣವ್ವ" ಎನ್ನುತ್ತಾರೆ ಅಜ್ಜಿ. ಮೊಮ್ಮಗಳಿಗೆ ಮುಂದಿನ ಯುಗಾದಿ ಬರುವುದೇ ಇಲ್ಲ! 19ನೇ ಶತಮಾನದ ಫ್ರೆಂಚ್ ತತ್ತ್ವಜ್ಞಾನಿ ಪಾಲ್ ಜಾನೆ ಇದಕ್ಕೊಂದು ಲೆಕ್ಕ ಕೊಟ್ಟರು. 10 ವರ್ಷದವಳಿಗೆ ಒಂದು ವರ್ಷವೆಂದರೆ ಬದುಕಿನ ಹತ್ತನೇ ಒಂದು ಪಾಲು. 60ರ ಅಜ್ಜಿಗೆ ಅರವತ್ತನೇ ಒಂದು ಪಾಲಷ್ಟೇ.

ಮೈ ಕಾದರೆ ಒಳಗಿನ ಗಡಿಯಾರವೂ ಓಡುತ್ತದೆ! 1930ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಹಡ್ಸನ್ ಹೋಗ್ಲೆಂಡ್, ಜ್ವರದಲ್ಲಿ ಮಲಗಿದ್ದ ಹೆಂಡತಿಗೆ ಸೆಕೆಂಡಿಗೊಂದರಂತೆ 60ರವರೆಗೆ ಎಣಿಸಲು ಹೇಳಿದರು. ಜ್ವರ ಏರಿದಷ್ಟೂ ಅವರ ಎಣಿಕೆ ಬೇಗ ಮುಗಿಯಿತು.

ರಾಮನಗರದ ರಾಮದೇವರಬೆಟ್ಟದ ಬಂಡೆಗಳ ಎತ್ತರಕ್ಕೆ ತಲೆ ತಿರುಗುತ್ತದೆಯೇ? ಬೀಳುವವರಿಗೆ ಆ ಕ್ಷಣ ಎಳೆದಷ್ಟು ಉದ್ದ ಅನಿಸುತ್ತದಂತೆ. ನರವಿಜ್ಞಾನಿ ಡೇವಿಡ್ ಈಗಲ್‌ಮನ್ ತಂಡ ಜನರನ್ನು 31 ಮೀಟರ್ ಎತ್ತರದಿಂದ ಬಲೆಗೆ ಬೀಳಿಸಿಯೇ ನೋಡಿತು! ಪರರು ಬಿದ್ದದ್ದಕ್ಕಿಂತ ತಾವು ಬಿದ್ದದ್ದು ಶೇ. 36ರಷ್ಟು ಉದ್ದ ಎಂದರು ಬಿದ್ದವರು. ಆದರೆ ಬೀಳುವಾಗ ಕಣ್ಣಿಗೇನೂ ಹೆಚ್ಚು ಕಂಡಿರಲಿಲ್ಲ. ಹಿಗ್ಗಿದ್ದು ನೆನಪು!

ಅದೇ ಬೆಟ್ಟದ ಬುಡದಲ್ಲಿ 'ಶೋಲೆ' ಚಿತ್ರೀಕರಣ ನಡೆಯಿತಲ್ಲ, ಅದರಲ್ಲಿ ಜಯಾ ದೀಪ ಆರಿಸುವ, ಅಮಿತಾಭ್ ಮೌತ್ ಆರ್ಗನ್ ನುಡಿಸುವ ಪುಟ್ಟ ದೃಶ್ಯ ನೆನಪಿದೆಯೇ? ಮುಸ್ಸಂಜೆಯ ಸರಿಯಾದ ಬೆಳಕಿಗಾಗಿ ಕಾದು ಕಾದು ದಿನಗಟ್ಟಲೆ ತೆಗೆದರು! ನಮಗೋ ಮೂರು ಗಂಟೆ ಮೀರಿದ ಇಡೀ ಸಿನಿಮಾವೇ ಚಿಟಿಕೆ ಹೊಡೆದಂತೆ ಮುಗಿಯುತ್ತದೆ.

ಸೂರ್ಯನೇ ಕಾಣದಿದ್ದರೆ? 1962ರ ಜುಲೈಯಲ್ಲಿ ಫ್ರಾನ್ಸಿನ ಭೂವಿಜ್ಞಾನಿ ಮಿಶೆಲ್ ಸಿಫ್ರ್ ಗಡಿಯಾರವಿಲ್ಲದೆ ಗುಹೆ ಹೊಕ್ಕರು. ಸೆಪ್ಟೆಂಬರ್ 14ರಂದು ಹೊರತಂದಾಗ, ಅವರ ಲೆಕ್ಕದಲ್ಲಿ ಅಂದು ಆಗಸ್ಟ್ 20! ಸೆಕೆಂಡಿಗೊಂದರಂತೆ 120 ಎಣಿಸಿ ಎಂದರೆ ಐದು ನಿಮಿಷ ತೆಗೆದುಕೊಂಡರು.

ನೊಣ ಕೈಗೆ ಸಿಗುವುದಿಲ್ಲ ಏಕೆ? ಅದರ ಕಣ್ಣು ನಮ್ಮ ಕಣ್ಣಿಗಿಂತ ನಾಲ್ಕು ಪಟ್ಟು ವೇಗವಾಗಿ ಮಿಣುಕುವ ಬೆಳಕನ್ನೂ ಬಿಡಿಬಿಡಿಯಾಗಿ ಕಾಣಬಲ್ಲದು. ನಿಮ್ಮ ಏಟು ಅದಕ್ಕೆ ಮೆಲ್ಲಗೆ ಬರುವ ಕೈ!

ದೊಡ್ಡ ಕಾಲವಂತೂ ನಮ್ಮ ಮನಸ್ಸಿಗೆ ನಿಲುಕುವುದೇ ಇಲ್ಲ. ರಾಮನಗರದ ಕ್ಲೋಸ್‌ಪೇಟ್ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ. ಸೆಕೆಂಡಿಗೆ ಒಂದು ವರ್ಷದಂತೆ, ಊಟ ನಿದ್ದೆ ಬಿಟ್ಟು ಎಣಿಸಿದರೂ ಮುಗಿಯಲು 79 ವರ್ಷ ಬೇಕು!